ಉಪ್ಪು ನೋಡಿದ ಗುರುತು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಹಲ್ಲುಮೇಸ್ತ್ರಿಯ ಹತ್ತಿರ ಬಂದವರಂತೂ ಅಲ್ಲ. ಬಂದಿದ್ದರೆ ಗಾದೆಯ ಕೊನೆಯ ಅರ್ಧವನ್ನು ಅವನು ಎಂಟೇ ದಿನದಲ್ಲಿ ರಿಪೇರಿ ಮಾಡಿ ಕೊಟ್ಟುಬಿಡುತ್ತಿದ್ದ.

ದಂತವೈದ್ಯರ ಆಸ್ಪತ್ರೆಯ ಹಿಂಭಾಗದಲ್ಲಿ, ಔಷಧಿ ಕೋಣೆಗೂ ನೀರಿನ ಟ್ಯಾಂಕಿಗೂ ನಡುವೆ ಅವನ ಕೆಲಸದ ಕೋಣೆ. ಒಂದು ಉದ್ದನೆಯ ಮೇಜು, ಬಗ್ಗಿಸಬಹುದಾದ ಒಂದು ದೀಪ, ಮೇಣ ಕರಗಿಸುವ ಪುಟ್ಟ ಒಲೆ, ಉಜ್ಜುವ ಚಕ್ರ. ಗೋಡೆಯ ಹಲಗೆಗಳ ಮೇಲೆ ಸಾಲುಸಾಲಾಗಿ ಪ್ಲಾಸ್ಟರಿನ ದವಡೆಗಳು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಇವನು ಕೂತು ಅದಕ್ಕೆ ಹಲ್ಲು ಕಟ್ಟುತ್ತಾನೆ. ಗೋಡೆ ಕಟ್ಟುವವನ ಹಾಗೆ ದಾರ ಹಿಡಿದು, ಮಟ್ಟ ನೋಡಿ ಕಟ್ಟುತ್ತಾನೆಂದು ಡಾಕ್ಟರಮ್ಮನೇ ಅವನಿಗೆ ಹಲ್ಲುಮೇಸ್ತ್ರಿ ಎಂದು ಹೆಸರಿಟ್ಟರು. ಇಪ್ಪತ್ತಾರು ವರ್ಷಗಳಲ್ಲಿ ಊರಿನ ಅರ್ಧ ಮುದುಕರು ಇವನು ಕಟ್ಟಿದ ಹಲ್ಲಿನಲ್ಲಿ ನಗುತ್ತಿದ್ದಾರೆ, ಜಗಳವಾಡುತ್ತಿದ್ದಾರೆ, ಮನೆಯವರ ಮೇಲೆ ಹಲ್ಲು ಕಡಿಯುತ್ತಿದ್ದಾರೆ. ಅವರಲ್ಲಿ ಒಬ್ಬರ ಮುಖವೂ ಇವನಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಎದುರಿಗೆ ಕೂತವರು ಆಕಳಿಸಿದಾಗ ಮಾತ್ರ 'ಓ, ಇವರು ನಮ್ಮವರೇ' ಎಂದು ಗುರುತು ಹಿಡಿಯುತ್ತಾನೆ.

ಮನೆಯಲ್ಲಿ ಮೂರು ಜನ: ಮೇಸ್ತ್ರಿ, ಅವನ ಹೆಂಡತಿ, ಹೆಂಡತಿಯ ತಾಯಿ. ಅತ್ತೆ ಇವರ ಜೊತೆಗಿದ್ದಾರೆ ಎಂದು ನೆರೆಯವರು ಹೇಳುವುದುಂಟು. ಅದು ತಲೆಕೆಳಗಾದ ಮಾತು. ಮನೆ ಅತ್ತೆಯದು. ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕದ ಹೊಲಿಗೆ ಯಂತ್ರ, ಎಲ್ಲವೂ ನಲವತ್ತು ವರ್ಷ ಶಾಲೆಯ ಮಕ್ಕಳ ಯೂನಿಫಾರಂ ಹೊಲಿದು ಅವರು ಮಾಡಿಕೊಂಡದ್ದು. ಮೇಸ್ತ್ರಿ ಇಪ್ಪತ್ತೊಂದು ವರ್ಷದ ಹಿಂದೆ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದು ಸೇರಿಕೊಂಡ ಮನೆ ಅಳಿಯ. ಮನೆ ಅಳಿಯನಿಗೆ ಮರ್ಯಾದೆ ಇಲ್ಲ ಎಂದು ಲೋಕ ಆಡಿಕೊಳ್ಳುತ್ತದೆ. ಇವನ ಕಷ್ಟ ಅದಕ್ಕೆ ತದ್ವಿರುದ್ಧ, ಮರ್ಯಾದೆ ಅತಿಯಾಗಿತ್ತು. ಅತ್ತೆ ಅವನನ್ನು 'ಅಳಿಯಂದ್ರೇ' ಎಂದೇ ಕರೆಯುವುದು, 'ನೀವು' ಎಂದೇ ಮಾತಾಡಿಸುವುದು. ನಿನ್ನೆ ಬಂದು ನಾಳೆ ಹೋಗುವ ನೆಂಟನಿಗೆ ಬಡಿಸಿದ ಹಾಗೆ ಮೊದಲು ಅವನ ತಟ್ಟೆಗೇ ಬಡಿಸುವುದು. ಸಾರಿಗೆ ಉಪ್ಪು ಹಿಡಿದಿದೆಯೋ ಎಂದು ನೋಡಬೇಕಾದರೂ ಬೇರೆ ಚಮಚದಲ್ಲಿ ತೆಗೆದು, ಅಂಗೈಗೆ ಹಾಕಿಕೊಂಡು, ಅತ್ತ ತಿರುಗಿ ನೋಡುವುದು. ಮಗಳನ್ನಾದರೋ ದಿನಕ್ಕೆ ಹತ್ತು ಸಲ 'ಕತ್ತೆ' ಎಂದು ಬಾಯ್ತುಂಬ ಬೈಯುತ್ತಿದ್ದರು. ಆ ಬೈಗುಳದಲ್ಲಿ ತನಗೂ ಒಂದು ಪಾಲು ಬರಬಾರದೇ ಎಂದು ಮೇಸ್ತ್ರಿಗೆ ಎಷ್ಟೋ ಸಲ ಅನಿಸಿದ್ದುಂಟು. ತಂದೆತಾಯಿಯನ್ನು ಬೇಗ ಕಳೆದುಕೊಂಡವನು. ಅವನನ್ನು ಕತ್ತೆ ಎನ್ನುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಇಂಥ ಅತ್ತೆಯ ವಸಡಿಗೆ ರೋಗ ಬಂತು. ಎರಡು ವರ್ಷದಲ್ಲಿ ಒಂದೊಂದಾಗಿ ಹಲ್ಲು ಸಡಿಲವಾಗಿ, ಕೊನೆಗೆ ಉಳಿದ ಒಂಬತ್ತನ್ನು ಡಾಕ್ಟರಮ್ಮ ಒಂದೇ ತಿಂಗಳಲ್ಲಿ ಕಿತ್ತರು. ಮನೆಯವರು ಯಾರೂ ಗಾಬರಿಯಾಗಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇರುವಾಗ ತುಪ್ಪಕ್ಕೆ ಊರೆಲ್ಲ ಅಲೆಯುವುದೇಕೆ? ಮೇಸ್ತ್ರಿಯಂತೂ ಒಳಗೊಳಗೇ ಖುಷಿಪಟ್ಟಿದ್ದ. ಇಪ್ಪತ್ತೊಂದು ವರ್ಷದ ಉಪಚಾರಕ್ಕೆ ಒಂದೇ ಏಟಿಗೆ ಉತ್ತರ ಕೊಡುವ ಕಾಲ ಬಂತು ಎಂದುಕೊಂಡ. ಅತ್ಯುತ್ತಮ ಹಲ್ಲುಗಳನ್ನು ಆರಿಸಿ, ಅವರ ವಯಸ್ಸಿಗೆ ಒಪ್ಪುವ ಬಣ್ಣ ನೋಡಿ, ಮೂರು ರಜಾದಿನ ಕೂತು ಕಟ್ಟಿದ. ಡಾಕ್ಟರಮ್ಮ ಕೈಗೆ ತೆಗೆದುಕೊಂಡು, "ಇದನ್ನ ಬಾಯಲ್ಲಿ ಇಡೋದಕ್ಕಿಂತ ಗಾಜಿನ ಕಪಾಟಲ್ಲಿ ಇಡಬೇಕು ಮೇಸ್ತ್ರಿ" ಎಂದಿದ್ದರು.

ಅವರ ಬಾಯಲ್ಲಿ ಬಂದ ಹಾಗೇ ಆಯಿತು. ಅತ್ತೆ ಎರಡು ದಿನ ಹಾಕಿಕೊಂಡು, ಮೂರನೆಯ ದಿನ ತೆಗೆದು ಗಾಜಿನ ಲೋಟದ ನೀರಿನಲ್ಲಿಟ್ಟರು.

"ಒತ್ತುತ್ತಾ ಅತ್ತೆ?"

"ಸ್ವಲ್ಪ."

ಎಲ್ಲಿ ಎಂದರೆ ಬೆರಳು ತೋರಿಸಲಿಲ್ಲ. ಇವನು ಅಂದಾಜಿನ ಮೇಲೆ ಉಜ್ಜಿದ. ಆಗಲಿಲ್ಲ. ಹೊಸ ಅಚ್ಚು ತೆಗೆಸಿ ಎರಡನೆಯ ಸೆಟ್ಟು ಮಾಡಿದ. ಅದೂ ಲೋಟ ಸೇರಿತು. ಮೂರನೆಯದು ಇನ್ನೂ ಹಗುರ, ಇನ್ನೂ ತೆಳು. ಅದಕ್ಕೂ ಲೋಟವೇ ಗತಿ. ನಾಲ್ಕನೆಯದನ್ನು ಕೊಟ್ಟ ದಿನ ಅತ್ತೆ, "ಪಾಪ, ಎಷ್ಟು ಕಷ್ಟಪಡ್ತೀರಿ ಅಳಿಯಂದ್ರೇ" ಎಂದರು. ಆ ಮಾತು ಕೇಳಿಯೇ ಇದೂ ಹೋಯಿತು ಎಂದು ಅವನಿಗೆ ಗೊತ್ತಾಗಿಬಿಟ್ಟಿತು.

ಅಷ್ಟರಲ್ಲಿ ಮನೆಯ ಸದ್ದೇ ಬದಲಾಗಿತ್ತು. ಅತ್ತೆಯ ಬಾಯಿಗೆ ಬೀಗ ಹಾಕುವವರಿಲ್ಲ ಎಂದು ಹೆಸರಾಗಿದ್ದ ಕಾಲ ಒಂದಿತ್ತು. ಮೆಟ್ಟಿಲ ಮೇಲೆ ಹಾಲಿನವಳು ಸಿಕ್ಕರೆ ಹಾಲು ಒಡೆಯುವವರೆಗೆ ಮಾತಾಡುತ್ತಿದ್ದರು. ಈಗ ಬೀಗ ತಾನಾಗಿ ಬಿತ್ತು. ಮಗಳು 'ಅಮ್ಮಾ' ಎಂದರೆ 'ಹೂಂ', ಅಷ್ಟೇ. ಊಟದ ಹೊತ್ತಿಗೆ ಮೊದಲೇ ಒಂದು ಬಟ್ಟಲು ಹಾಲಿನಲ್ಲಿ ಬ್ರೆಡ್ಡು ನೆನೆಸಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಊಟದ ಮೇಜಿನ ಮೂರನೆಯ ಕುರ್ಚಿಯ ಮೇಲೆ ಮಡಿಸದ ಬಟ್ಟೆ ರಾಶಿ ಬೀಳತೊಡಗಿತು.

ಅತ್ತೆ ಸೊರಗಿ ಇಳಿದುಹೋಗುತ್ತಿದ್ದುದನ್ನು ಮೊದಲು ಕಂಡವಳು ಮೇಸ್ತ್ರಿಯ ಹೆಂಡತಿ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಒಂದು ನೋಟದಲ್ಲಿ ವಿಳಾಸ ಓದುವ ಕಣ್ಣು ಅವಳದು. ಒಗೆದ ಬಟ್ಟೆ ಮಡಿಸುವಾಗ ಅಮ್ಮನ ರವಿಕೆಯನ್ನು ಒಳಮಗ್ಗುಲು ಹೊರಗಾಗುವಂತೆ ತಿರುಗಿಸಿ ಗಂಡನ ಮುಂದೆ ಹಿಡಿದಳು. ಪಕ್ಕದಲ್ಲಿ ಒಂದರ ಒಳಗೆ ಒಂದು, ಮೂರು ಸಾಲು ಹೊಲಿಗೆ.

"ನೋಡ್ರೀ. ಯಾರಿಗೂ ಹೇಳ್ದೆ ಅಮ್ಮನೇ ಹೊಲಿದು ಬಿಗಿ ಮಾಡಿಕೊಂಡಿದ್ದಾಳೆ. ಮೂರು ಸಲ."

ಮಾಮೂಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ತೂಕ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ರೋಗ ಏನೂ ಇಲ್ಲ ಎಂದರು. "ತಿನ್ನೋದಿಲ್ಲ ಅನ್ನೋದಕ್ಕೆ ನಾನು ಯಾವ ಮಾತ್ರೆ ಬರೀಲಿ? ಹೀಗೇ ಇಳೀತಾ ಹೋದ್ರೆ ಒಂದು ನೆಗಡಿ ಸಾಕು, ಇವರನ್ನ ಮಲಗಿಸೋದಕ್ಕೆ." ಮನೆಗೆ ಬಂದು, ಹೆಂಡತಿ ಆ ಬಟ್ಟೆಯ ರಾಶಿಯನ್ನು ಕುರ್ಚಿಯಿಂದ ತೆಗೆದು ಬೇರೆ ಕಡೆ ಇಟ್ಟು, ಇಷ್ಟು ಹೇಳಿದಳು: "ಅಮ್ಮ ಒಂದೇ ಒಂದು ದಿನ ಇಲ್ಲಿ ಕೂತು ನಮ್ಮ ಜೊತೆ ತಿಂದ್ರೆ ಸಾಕು. ಆಮೇಲೆ ಹಾದಿಗೆ ಬರ್ತಾಳೆ."

ಮೇಸ್ತ್ರಿಗೆ ಕಸುಬಿನ ಒಂದು ನೇಮವಿತ್ತು. ಹೊಸ ಹಲ್ಲಿನವರಿಗೆ ಮೊದಲ ಎರಡು ದಿನ ಗಂಜಿ, ಹಾಲು. ಮೂರನೆಯ ದಿನ ಮೊಟ್ಟೆಯ ಸ್ಯಾಂಡ್‌ವಿಚ್. ಡಾಕ್ಟರಮ್ಮನ ಚೀಟಿಯಲ್ಲಿ ಹೀಗೆಂದು ಬರೆಸಿದವನು ಇವನೇ. ಬ್ರೆಡ್ಡು ಮೆತ್ತಗೆ, ಆದರೆ ಕಚ್ಚಲೇಬೇಕು. ಮೊಟ್ಟೆ ಜಾರುತ್ತದೆ, ಆದರೆ ಅಗಿಯಲೇಬೇಕು. ಮೊಟ್ಟೆ ಸ್ಯಾಂಡ್‌ವಿಚ್ ತಿಂದವರು ಮುಂದೆ ಕಡಲೆಯನ್ನೂ ತಿಂದಾರು ಎಂಬುದು ಅವನ ಸಿದ್ಧಾಂತ. ಇಷ್ಟು ದಿನ ಬೇರೆಯವರಿಗೆ ಉಪದೇಶ ಮಾಡಿದ್ದನ್ನು ಮನೆಯಲ್ಲೇ ಮಾಡಿ ನೋಡೋಣ ಎಂದು, ಒಂದು ಭಾನುವಾರ ಬೆಳಗ್ಗೆ ಅಡುಗೆಮನೆ ಹೊಕ್ಕ.

ಸುಲಭದ ತಿಂಡಿ ಎಂದು ಲೋಕವೆಲ್ಲ ಹೇಳುವ ಆ ಪದಾರ್ಥವನ್ನು ಅವನು ಮಾಡಿದ ಪರಿಯನ್ನು ನೋಡಬೇಕಿತ್ತು. ತಣ್ಣೀರಿನಲ್ಲಿ ಮೊಟ್ಟೆ ಇಟ್ಟ. ನೀರು ಕುದಿ ಬಂದ ಮೇಲೆ ಗಡಿಯಾರ ಹಿಡಿದು ಹತ್ತು ನಿಮಿಷ ನಿಂತ. ತಣ್ಣೀರಿಗೆ ಹಾಕಿದ. ಸಿಪ್ಪೆಯ ಒಂದು ಚೂರೂ ಉಳಿಯದ ಹಾಗೆ, ಅಚ್ಚಿನಿಂದ ಪ್ಲಾಸ್ಟರ್ ಬಿಡಿಸುವ ನಾಜೂಕಿನಲ್ಲಿ ಸುಲಿದ. ಫೋರ್ಕಿನಿಂದ ಹಿಸುಕಿ, ಬೆಣ್ಣೆ, ಉಪ್ಪು, ಮೆಣಸಿನ ಪುಡಿ ಸೇರಿಸಿದ. ಈರುಳ್ಳಿ ಹಾಕಲಿಲ್ಲ, ಈರುಳ್ಳಿಯ ಚೂರು ಸೆಟ್ಟಿನ ಅಡಿಗೆ ಸಿಕ್ಕಿಕೊಂಡರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದ ಹಾಗೆ. ಬ್ರೆಡ್ಡಿನ ಅಂಚುಗಳನ್ನು ಕತ್ತರಿಸಿದ. ಮೊಟ್ಟೆಯನ್ನು ಹಚ್ಚಿ, ಮೇಲೆ ಇನ್ನೊಂದು ಬ್ರೆಡ್ಡಿಟ್ಟು, ಬಗ್ಗಿ ಕಣ್ಣಿನ ಮಟ್ಟಕ್ಕೆ ತಂದು ನೋಡಿದ. ಎಡಗಡೆ ಒಂದು ನೂಲಿನಷ್ಟು ಎತ್ತರವಿದೆ ಎಂದು ಬೆರಳಿನಿಂದ ಒತ್ತಿ ಸಮ ಮಾಡಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ತಿನ್ನೋಕೋ ಅಥವಾ ಅದರ ಮೇಲೆ ಮನೆ ಕಟ್ಟೋಕೋ?" ಎಂದಳು.

ಅಳಿಯ ತಾನೇ ಮಾಡಿದ್ದಾನೆ ಎಂದ ಮೇಲೆ ಅತ್ತೆ ಇಲ್ಲ ಎನ್ನುವುದು ಹೇಗೆ? ನಾಲ್ಕನೆಯ ಸೆಟ್ಟನ್ನು ಹಾಕಿಕೊಂಡು ಬಂದು, ತಿಂಗಳುಗಳ ಮೇಲೆ ಆ ಮೂರನೆಯ ಕುರ್ಚಿಯಲ್ಲಿ ಕೂತರು. ಹೆಂಡತಿ ಎದುರಿಗೆ ಕೂತಳು. ಮೇಸ್ತ್ರಿ ಕೂರಲಿಲ್ಲ, ಪಕ್ಕದಲ್ಲಿ ನಿಂತು ದವಡೆಯನ್ನೇ ನೋಡಿದ. ಅತ್ತೆ ಕಚ್ಚಿದರು. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ ಕೂತಿತು. ಅಲುಗಲಿಲ್ಲ, ಜಾರಲಿಲ್ಲ. ಬ್ರೆಡ್ಡಿನಲ್ಲಿ ಬಿದ್ದ ಕಚ್ಚು ಬಾಚಣಿಗೆಯ ಹಾಗೆ ಸಮ. ಮೇಸ್ತ್ರಿ ಒಳಗೊಳಗೇ ಬೀಗಿದ.

ಅತ್ತೆ ನುಂಗಿದರು. ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ತಿರುಗಿಸಿ, ಕಚ್ಚಿದ ಕಡೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಮುಂದಕ್ಕೆ ಸರಿಸಿದರು.

"ಸಾಕು."

"ಯಾಕತ್ತೆ? ನೋವಾಯ್ತಾ?"

"ಇಲ್ಲ ಅಳಿಯಂದ್ರೇ. ನೋವಿಲ್ಲ. ಯಾರದೋ ಎಂಜಲು ತಿಂದ ಹಾಗಾಗುತ್ತೆ."

"ಯಾರ ಎಂಜಲು? ಈಗ ತಾನೇ ನೀವೇ ಕಚ್ಚಿದ್ರಲ್ಲ!"

"ನಾನಲ್ಲ ಕಚ್ಚಿದ್ದು. ನೋಡಿ ಅದನ್ನ. ಯಾರೋ ಕಚ್ಚಿ ಇಟ್ಟು ಹೋದ ಹಾಗಿದೆ." ಇಷ್ಟು ಹೇಳಿ, ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಕೋಣೆಗೆ ಹೋದರು. ಬಾಗಿಲು ಮುಚ್ಚಿತು.

ಮೇಸ್ತ್ರಿಗೆ ರೇಗಿತು. ಸಾಧು ಮನುಷ್ಯರಿಗೆ ಸಿಟ್ಟು ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಇವನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಇಟ್ಟ. "ನಾಲ್ಕು ಸೆಟ್ಟು! ಇಡೀ ಊರು ನನ್ನ ಹಲ್ಲಲ್ಲಿ ತಿನ್ನುತ್ತೆ, ನಮ್ಮತ್ತೆಗೆ ಮಾತ್ರ ಎಂಜಲಂತೆ! ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ!" ಒಳಗಿನ ಕೋಣೆಗೆ ಕೇಳಿಸಬಾರದೆಂದು ಇದಷ್ಟನ್ನೂ ಪಿಸುದನಿಯಲ್ಲೇ ಕಿರುಚಿದ.

ಹೆಂಡತಿ ಮೇಜಿನ ಹತ್ತಿರವೇ ಕೂತಿದ್ದಳು, ಅಮ್ಮ ಬಿಟ್ಟುಹೋದ ಸ್ಯಾಂಡ್‌ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡು. ಕಣ್ಣಿನಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಅಮ್ಮ ಹೇಳಿದ್ದು ಸರಿ ಕಣ್ರೀ. ಇದು ಅಮ್ಮನ ಕಚ್ಚಲ್ಲ. ಅಮ್ಮನ ಕಚ್ಚು ನನಗೆ ಗೊತ್ತಿಲ್ವಾ?"

ಆಮೇಲೆ ಹೇಳಿದಳು. ಅವಳು ಶಾಲೆಗೆ ಹೋಗುತ್ತಿದ್ದ ಕಾಲ. ಅಪ್ಪ ಇರಲಿಲ್ಲ. ಬೆಳಗ್ಗೆ ಹೊಲಿಗೆ ಕಾರ್ಖಾನೆಯ ಸೈರನ್ನು ಕೂಗುವುದರೊಳಗೆ ಅಮ್ಮ ಗೇಟಿನ ಒಳಗಿರಬೇಕು. ನಾಲ್ಕು ನಿಮಿಷದಲ್ಲಿ ಬಾಣಲೆಯಲ್ಲಿ ಒಂದು ಮೊಟ್ಟೆ ಸ್ಯಾಂಡ್‌ವಿಚ್ ಮಾಡಿ ಮಗಳ ಡಬ್ಬಿಗೆ ಹಾಕುತ್ತಿದ್ದಳು. ಹಾಕುವ ಮುಂಚೆ ಒಂದು ಮೂಲೆಯನ್ನು ಕಚ್ಚಿಬಿಡುತ್ತಿದ್ದಳು. ದಿನವೂ. "ಎಂಜಲು ಯಾಕೆ ಮಾಡ್ತೀಯಮ್ಮಾ ಅಂತ ನಾನು ಅಳ್ತಿದ್ದೆ. ಉಪ್ಪು ನೋಡಿದೆ ಕಣೇ ಕತ್ತೆ, ಅಷ್ಟೇ, ಅಂತಿದ್ದಳು. ಶಾಲೆಯಲ್ಲಿ ಎಲ್ಲ ನಗೋರು, ಇವಳ ಡಬ್ಬಿಗೆ ಇಲಿ ಬರುತ್ತೆ ಅಂತ. ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು. ಮಧ್ಯಾಹ್ನದವರೆಗೆ ಅಮ್ಮನ ಹೊಟ್ಟೆಗೆ ಅದೊಂದು ತುತ್ತೇ."

ಅವಳು ಬ್ರೆಡ್ಡಿನ ಅಂಚನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಇಲ್ಲಿ, ಎರಡು ಮುಂದಿನ ಹಲ್ಲಿನ ಮಧ್ಯೆ, ಒಂದು ಪುಟ್ಟ ಗೋಡೆ ನಿಂತಿರ್ತಿತ್ತು. ಸಂದಿನಲ್ಲಿ ಉಳಿದ ಬ್ರೆಡ್ಡು. ಅದರ ಪಕ್ಕದಲ್ಲಿ ಒಂದು ಚೂಪು ಮೊನೆ. ಎಡಗಡೆ ಹಲ್ಲಲ್ಲಿ ದಾರ ಕಚ್ಚಿ ಕಚ್ಚಿ ಒಂದು ಕೊರಕಲು ಬಿದ್ದಿತ್ತಲ್ಲ, ಅದು. ಡಬ್ಬಿ ತೆಗೆದ ತಕ್ಷಣ ಆ ಗೋಡೆ ಕಂಡ್ರೆ ಅಮ್ಮ ಪಕ್ಕದಲ್ಲೇ ಕೂತ ಹಾಗೆ. ಈಗ ಎಲ್ಲಿದೆ ಆ ಗೋಡೆ? ನೀವು ಬೀಳಿಸಿಬಿಟ್ರಿ."

ಮೇಸ್ತ್ರಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟ. ಆ ಸಂದನ್ನು ಅವನು ನೋಡಿರಲಿಲ್ಲ ಎಂದಲ್ಲ. ಈ ಮನೆಗೆ ಬಂದ ಮೊದಲ ದಿನವೇ ನೋಡಿದ್ದ. ದೋಷ ಎಂದು ನೋಡಿದ್ದ. ಎಂದಾದರೂ ಅವಕಾಶ ಸಿಕ್ಕರೆ ಸರಿಮಾಡಬೇಕು ಎಂದು ಇಪ್ಪತ್ತೊಂದು ವರ್ಷದಿಂದ ಮನಸ್ಸಿನಲ್ಲೇ ಅಳತೆ ಹಾಕಿದ್ದ; ಅವಕಾಶ ಸಿಕ್ಕಿದಾಗ ನಾಲ್ಕೂ ಸಲ ಮೊದಲು ಮಾಡಿದ ಕೆಲಸವೇ ಅದು. ಅವರಿಗೆ ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡು ಅವರಿಂದ ಅವರನ್ನೇ ಕಿತ್ತುಕೊಂಡಿದ್ದ. ಇದು ಹಲ್ಲುಮೇಸ್ತ್ರಿಯೊಬ್ಬನೇ ಮಾಡಬಹುದಾದ ತಪ್ಪು. ಕೆಲಸ ಬಾರದವನು ಕಟ್ಟಿದ್ದರೆ ಎಲ್ಲೋ ಒಂದು ಸಂದು ತಾನಾಗಿಯೇ ಉಳಿದಿರುತ್ತಿತ್ತು. ಅವನಿಗೆ ಬಹಳ ನಾಚಿಕೆಯಾಯಿತು.

ತಪ್ಪು ತಿಳಿದರೆ ಸಾಲದು, ಅಳತೆ ಬೇಕು. ಸಂದು ಎಷ್ಟಿತ್ತು? ಕೊರಕಲು ಎಷ್ಟು ಆಳ? ಹೆಂಡತಿ ಬೆರಳು ತೋರಿಸಿ 'ಇಷ್ಟು' ಎಂದಳು; ಮರುಕ್ಷಣ ಇನ್ನೊಂದು 'ಇಷ್ಟು' ತೋರಿಸಿದಳು. ಕಣ್ಣಳತೆಯಲ್ಲಿ ಕಟ್ಟಿದರೆ ಅದು ಮತ್ತೊಬ್ಬರ ಹಲ್ಲೇ ಆದೀತು. ಐದನೆಯ ಸಲವೂ ಸೋತರೆ, ಇನ್ನೊಮ್ಮೆ ಬಿಗಿ ಮಾಡಿಕೊಳ್ಳಲು ಅತ್ತೆಯ ರವಿಕೆಯಲ್ಲಿ ಬಟ್ಟೆ ಉಳಿದಿರಲಿಲ್ಲ.

ಮರುದಿನ ಸಂಜೆ ಕೆಲಸದಿಂದ ಬಂದವನು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತ. ಕ್ಷಮೆ ಕೇಳಬೇಕೆಂದು ಬಂದಿದ್ದ. ಮಾತು ಹೊರಡದೆ, ಅಂಗಿಯ ಗುಂಡಿಯೊಂದನ್ನು ತಿರುವಿ, "ಇದು ಸಡಿಲ ಆಗಿದೆ ಅತ್ತೆ" ಎಂದ.

"ಕೊಡಿ ಇಲ್ಲಿ." ಅವರಿಗೆ ಅಷ್ಟೇ ಸಾಕು. ಹೊಲಿಗೆ ಡಬ್ಬಿಯನ್ನು ಎಳೆದುಕೊಂಡು, ಸೂಜಿಗೆ ದಾರ ಪೋಣಿಸಿ, ಗುಂಡಿ ಹೊಲಿದರು. ಗಂಟು ಹಾಕಿ, ಬಗ್ಗಿ, ದಾರವನ್ನು ಬಾಯಿಗೆ ಒಯ್ದರು. ಅಲ್ಲಿ ಬರೀ ವಸಡು. ಒಂದು ಕ್ಷಣ ಹಾಗೇ ಇದ್ದು, ಏನೂ ಆಗದವರ ಹಾಗೆ ಕತ್ತರಿ ಹುಡುಕಿದರು. ಮೇಸ್ತ್ರಿ ಬೇರೆ ಕಡೆ ನೋಡಿದ. ನೋಡಿದ ಕಡೆ ಹೊಲಿಗೆ ಡಬ್ಬಿಯಿತ್ತು. ಡಬ್ಬಿಯ ಮೂಲೆಯಲ್ಲಿ, ದಾರದ ಬಾಬಿನುಗಳ ನಡುವೆ, ಕಂದು ಬಣ್ಣದ ಒಂದು ಗಟ್ಟಿ.

"ಅದೇನತ್ತೆ?"

"ಜೇನುಮೇಣ. ದಾರ ಗಟ್ಟಿ ಬರಲಿ ಅಂತ ಎಳೀತಿದ್ದೆ. ಎರಡು ಕೈಯಲ್ಲೂ ಕೆಲಸ ಇದ್ದಾಗ ಬಾಯಲ್ಲಿ ಕಚ್ಚಿಕೊಂಡು…"

ಮೇಸ್ತ್ರಿ ಆಗಲೇ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಇಪ್ಪತ್ತಾರು ವರ್ಷದಿಂದ ದಿನವೂ ಮೇಣದಲ್ಲೇ ಕೈಯಾಡಿಸಿದವನು; ಮೇಣ ಏನು ಹೇಳುತ್ತದೆ ಎಂದು ಅವನಿಗೆ ಯಾರೂ ಓದಿ ಹೇಳಬೇಕಾಗಿಲ್ಲ. ಗಟ್ಟಿಯ ಒಂದು ಮಗ್ಗುಲಲ್ಲಿ ಮೇಲಿನ ಎರಡು ಹಲ್ಲು, ನಡುವೆ ಎತ್ತರಕ್ಕೆ ನಿಂತ ಒಂದು ಪುಟ್ಟ ಗೋಡೆ. ಎಡಗಡೆಯ ಹಲ್ಲಿನ ಗುರುತಿನಲ್ಲಿ ಒಂದು ಚೂಪು. ಅತ್ತೆಯ ನಲವತ್ತು ವರ್ಷ ಅಲ್ಲಿ ಗಟ್ಟಿಯಾಗಿ ಕೂತಿತ್ತು.

"ಅಯ್ಯೋ, ಇಡಿ ಅಳಿಯಂದ್ರೇ! ಅದು ನನ್ನ ಎಂಜಲು, ಮುಟ್ಟಬೇಡಿ!"

"ಅದೇ ಬೇಕಾಗಿತ್ತು ಅತ್ತೆ," ಎಂದ ಮೇಸ್ತ್ರಿ. ಕರವಸ್ತ್ರದಲ್ಲಿ ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಹೊರಟವನನ್ನು ಹೆಂಡತಿ ಮೆಟ್ಟಿಲಿನಿಂದ ವಾಪಸ್ಸು ಕರೆದಳು.

ಮೇಣದ ಗುರುತಿಗೆ ಪ್ಲಾಸ್ಟರ್ ಹೊಯ್ದ. ಗಟ್ಟಿಯಾದ ಮೇಲೆ ಬಿಡಿಸಿದರೆ, ಎರಡು ಹಲ್ಲಿನ ತುದಿಗಳು ಅಕ್ಕಪಕ್ಕದ ಮನೆಯವರ ಹಾಗೆ ನಡುವೆ ಜಾಗ ಬಿಟ್ಟು ನಿಂತಿದ್ದವು. ಆ ಅಳತೆ ಹಿಡಿದು ಐದನೆಯ ಸೆಟ್ಟಿಗೆ ಕೈ ಹಾಕಿದ. ಕಷ್ಟವಾದದ್ದು ಆ ಕೊರಕಲು ಮಾಡುವಾಗ. ಜೀವಮಾನವೆಲ್ಲ ಉಬ್ಬುತಗ್ಗು ತೆಗೆದ ಕೈ, ಹೊಚ್ಚ ಹೊಸ ಹಲ್ಲಿನಲ್ಲಿ ಬೇಕೆಂದೇ ಒಂದು ಕುಂದು ಮಾಡಲು ಒಪ್ಪಲಿಲ್ಲ. ಚಕ್ರದ ಹತ್ತಿರ ಹೋಗಿ ಹೋಗಿ ಹಿಂದೆ ಬಂತು. ಕೊನೆಗೆ ಹೊಲಿಗೆಯ ದಾರವನ್ನೇ ಹಲ್ಲಿನ ಮೇಲಿಟ್ಟು, ಅದರ ದಪ್ಪಕ್ಕೆ ಕೊರೆದ. ಡಾಕ್ಟರಮ್ಮ ನೋಡಿ ಹೌಹಾರಿದರು.

"ಇದೇನ್ರೀ ಮೇಸ್ತ್ರಿ! ಹೊಸ ಬಟ್ಟೆ ತಂದು ತೇಪೆ ಹಾಕಿದ ಹಾಗೆ!"

"ಹಲ್ಲಿನ ಯಜಮಾನರು ಹೀಗೇ ಇಟ್ಟುಕೊಂಡಿದ್ರು ಡಾಕ್ಟರೇ," ಎಂದ ಮೇಸ್ತ್ರಿ.

ಒಂಬತ್ತನೆಯ ದಿನ ಸಂಜೆ ಸೆಟ್ಟನ್ನೂ ಮೇಣದ ಗಟ್ಟಿಯನ್ನೂ ಅತ್ತೆಯ ಹೊಲಿಗೆ ಯಂತ್ರದ ಮೇಲಿಟ್ಟು ಬಂದುಬಿಟ್ಟ. ಆ ಸಂಜೆಯೂ ಬಾಗಿಲು ಮುಚ್ಚಿಯೇ ಇತ್ತು.

ಬೆಳಗಾಯಿತು. ಹೆಂಡತಿ ಏಳೂವರೆಯ ಬಸ್ಸಿಗೆ ತಲೆ ಬಾಚುತ್ತಿದ್ದಳು. ಮೇಸ್ತ್ರಿ ಬೇಗ ಎದ್ದು, ಒಲೆಯ ಮೇಲೆ ತಣ್ಣೀರಿನಲ್ಲಿ ಮೊಟ್ಟೆ ಇಟ್ಟು, ಗಡಿಯಾರ ಹಿಡಿದು ನಿಂತಿದ್ದ. ಹಿಂದಿನಿಂದ ಒಂದು ದನಿ ಬಂತು.

"ಹಿಂಗೆ ಕಾಯ್ತಾ ನಿಂತ್ರೆ ನಾಳೆ ಬೆಳಗ್ಗೆಗೆ ಆಗುತ್ತೆ ತಿಂಡಿ. ಸರಿ ಆ ಕಡೆ!"

ಮೇಸ್ತ್ರಿ ಸರಿದ. ಸರಿದ ಮೇಲೆ ಅವನಿಗೆ ಹೊಳೆಯಿತು: ಅತ್ತೆ 'ಸರೀರಿ' ಎನ್ನಲಿಲ್ಲ. 'ಸರಿ' ಎಂದಿದ್ದರು.

ಅತ್ತೆ ಕುದಿಯುವ ನೀರನ್ನು ಇಳಿಸಿ, ಬಾಣಲೆ ಇಟ್ಟರು. ಬಟ್ಟಲಿಗೆ ಎರಡು ಮೊಟ್ಟೆ ಒಡೆದರು, ಚಿಟಿಕೆ ಉಪ್ಪು, ಮೆಣಸಿನ ಪುಡಿ, ಒಂದು ಚಮಚ ಹಾಲು. ಫೋರ್ಕಿನಿಂದ ಟಕಟಕ ಎಂದು ಕಲಕಿದರು. ಬೆಣ್ಣೆ ಚುರ್ ಎಂದಿತು. ಮೊಟ್ಟೆ ಸುರಿದು, ಅದು ಇನ್ನೂ ಹಸಿಯಾಗಿರುವಾಗಲೇ ಎರಡು ಬ್ರೆಡ್ಡನ್ನು ಅಕ್ಕಪಕ್ಕ ಮಲಗಿಸಿ, ಒತ್ತಿ, ಮಗುಚಿ ಹಾಕಿದರು. ಹೊರಗೆ ಚಾಚಿದ ಮೊಟ್ಟೆಯ ಅಂಚನ್ನು ನಾಲ್ಕು ಕಡೆಯಿಂದ ಒಳಕ್ಕೆ ಮಡಿಚಿದರು, ಬಟ್ಟೆಯ ಅಂಚು ಮಡಿಸುವ ಹಾಗೆ. ಒಂದು ಬ್ರೆಡ್ಡನ್ನು ಇನ್ನೊಂದರ ಮೇಲೆ ಮಗುಚಿದರು. ಮುಗಿಯಿತು. ಮೇಸ್ತ್ರಿಯ ಗಡಿಯಾರದಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡು.

ಹೆಂಡತಿ ಬಾಚಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ಅತ್ತೆ ಸ್ಯಾಂಡ್‌ವಿಚ್ಚನ್ನು ಎತ್ತಿ ಒಮ್ಮೆ ಊದಿ, ಮೂಲೆಯನ್ನು ಕಚ್ಚಿದರು. ಈ ಸಲ ಮೇಸ್ತ್ರಿ ದವಡೆಯನ್ನು ನೋಡಲಿಲ್ಲ, ಮುಖವನ್ನು ನೋಡಿದ. ಅತ್ತೆ ಅಗಿದು, ನುಂಗಿ, ಕಚ್ಚಿದ ಕಡೆಯನ್ನು ತಿರುಗಿಸಿ ನೋಡಿದರು. ಗೋಡೆ ನಿಂತಿತ್ತು. ಅದರ ಪಕ್ಕದಲ್ಲಿ ಚೂಪು.

ಅವರು ಸ್ಯಾಂಡ್‌ವಿಚ್ಚನ್ನು ಮಗಳ ಮುಂದೆ ಹಿಡಿದರು.

"ಎಂಜಲು ಯಾಕೆ ಮಾಡ್ತೀಯಮ್ಮಾ?" ನಲವತ್ತಾರರ ಮಗಳ ದನಿ ಒಡೆಯಿತು.

"ಉಪ್ಪು ನೋಡಿದೆ ಕಣೇ ಕತ್ತೆ, ಅಷ್ಟೇ. ತಿನ್ನು, ಬಸ್ ಹೋಗುತ್ತೆ."

ಬಸ್ಸು ಹೋಯಿತು. ಹೋಗಲಿ ಬಿಡಿ, ಕಾಗದಗಳು ಅರ್ಧ ಗಂಟೆ ಕಾದವು. ಅತ್ತೆ ತಮಗೊಂದು ಮಾಡಿಕೊಂಡು ಮೂರನೆಯ ಕುರ್ಚಿಯಲ್ಲಿ ಕೂತು ಪೂರ್ತಿ ತಿಂದರು. ತಟ್ಟೆಯಲ್ಲಿ ಬಿದ್ದ ಪುಡಿಯನ್ನೂ ಬೆರಳಿಗೆ ಒತ್ತಿ ತಿಂದರು. ತಿನ್ನುತ್ತಲೇ ಏಳು ತಿಂಗಳ ಬಾಕಿ ಮಾತನ್ನೆಲ್ಲ ಆಡಿದರು: ಹಾಲಿನವಳು ನೀರು ಬೆರೆಸುವುದು, ಕೆಳಗಿನ ಮನೆಯವರ ಪರದೆಯ ಹೊಲಿಗೆ ಸೊಟ್ಟಗಿರುವುದು, ಅಳಿಯ ಮೊಟ್ಟೆ ಬೇಯಿಸುವ ಚೆಂದ. ಆ ಕೊನೆಯ ವಿಷಯಕ್ಕೆ ತಾವೇ ನಕ್ಕರು. ಕೈ ಬಾಯಿಗೆ ಹೋಗಲಿಲ್ಲ. ಸಂದು ಬಾಗಿಲಿನ ಹಾಗೆ ತೆರೆದೇ ಇತ್ತು.

ಮೇಸ್ತ್ರಿಗೆ ತಿನ್ನಲು ಹೊತ್ತಿರಲಿಲ್ಲ. ಓಡುವವನ ಕೈಗೆ ಅತ್ತೆ ಡಬ್ಬಿ ಕೊಟ್ಟರು.

ಮಧ್ಯಾಹ್ನ ಕೆಲಸದ ಮೇಜಿನ ಮೇಲಿನ ಪುಡಿಯನ್ನು ಒರೆಸಿ, ದೀಪ ಸರಿಸಿ, ಡಬ್ಬಿ ತೆಗೆದ. ಸ್ಯಾಂಡ್‌ವಿಚ್ ತಣ್ಣಗಾಗಿತ್ತು. ಅದರ ಒಂದು ಮೂಲೆ ಇರಲಿಲ್ಲ.

ಮೇಸ್ತ್ರಿ ಅದನ್ನು ದೀಪದ ಕೆಳಗೆ ಹಿಡಿದು ನೋಡಿದ. ಇಪ್ಪತ್ತೊಂದು ವರ್ಷ ಅವನ ಪಾಲಿನ ಉಪ್ಪನ್ನು ಬೇರೆ ಚಮಚದಲ್ಲಿ ತೆಗೆದು ನೋಡಿದವರು ಅತ್ತೆ. ಬ್ರೆಡ್ಡಿನ ಅಂಚಿನಲ್ಲಿ ಎರಡು ಹಲ್ಲು, ನಡುವೆ ಒಂದು ಪುಟ್ಟ ಗೋಡೆ, ಪಕ್ಕದಲ್ಲಿ ಅವನ ಕೈಯೇ ಕೊರೆದ ಚೂಪು. ಕಣ್ಣು ಮಂಜಾಗಿ, ಅಳತೆ ಸರಿಯಿದೆಯೋ ಇಲ್ಲವೋ ಕಾಣಿಸಲಿಲ್ಲ. ಆಮೇಲೆ ಆ ಮೂಲೆಯಿಂದಲೇ ತಿನ್ನಲು ಶುರುಮಾಡಿದ.

ಉಪ್ಪು ಸರಿಯಾಗಿತ್ತು.